ಬಂಡೆಯೊಳಗೆ ನನ್ನದೇ ಅಳತೆಯ ರಂಧ್ರ

ಭೂಕಂಪವೊಂದು ಬೆಟ್ಟದ ಒಂದು ಮಗ್ಗುಲನ್ನು ಸೀಳಿ ಹಾಕಿದೆ. ಹೊಸದಾಗಿ ತೆರೆದುಕೊಂಡ ಕಲ್ಲಿನ ಗೋಡೆಯ ತುಂಬ ಮನುಷ್ಯಾಕಾರದ ರಂಧ್ರಗಳಿವೆ. ತಲೆ, ಭುಜ, ಕೈಕಾಲು ಎಲ್ಲವೂ ಕಡೆದಿಟ್ಟಷ್ಟು ಸ್ಪಷ್ಟ. ಸುದ್ದಿ ಕೇಳಿ ನೋಡಲು ಬಂದವರಲ್ಲಿ ಒಬ್ಬನಿಗೆ ಅದರಲ್ಲೊಂದು ತನ್ನ ಮೈಯಳತೆಯದೇ ಎಂಬುದು ಗೊತ್ತಾಗುತ್ತದೆ. ಅವನು ಬಟ್ಟೆ ಕಳಚಿ ಅದರೊಳಗೆ ಸೇರಿಕೊಳ್ಳುತ್ತಾನೆ, ಆಳಕ್ಕೆ ಸರಿಯುತ್ತಾನೆ, ಕಾಣೆಯಾಗುತ್ತಾನೆ. ಜಪಾನಿನ ಜುಂಜಿ ಇಟೊ ಬರೆದು ಚಿತ್ರಿಸಿದ, ಅಮಿಗಾರಾ ಎಂಬ ಕಲ್ಪಿತ ಬೆಟ್ಟದ ಈ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಮೂವತ್ತು ಪುಟಗಳ ಆಸುಪಾಸಿನದು. ಓದಲು ಹತ್ತು ನಿಮಿಷ ಸಾಕು. ನಾನು ಓದಿ ವರ್ಷಗಳೇ ಕಳೆದಿವೆ. ಇದಕ್ಕಿಂತ ಎಷ್ಟೋ ಹೆಚ್ಚು ರಕ್ತ ಹರಿಸಿದ ಕಥೆಗಳು ಈ ನಡುವೆ ಬಂದು ಮರೆತೂಹೋಗಿವೆ. ಆ ಕಲ್ಲಿನ ಗೋಡೆ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಷ್ಟು ಪುಟ್ಟ ಕಥೆ ಇಷ್ಟು ಕಾಲ ಬೆನ್ನು ಬಿಡದಿರುವುದಕ್ಕೆ ಕಾರಣವನ್ನು ಭಯದ ತೀವ್ರತೆಯಲ್ಲಿ ಹುಡುಕುವುದು ವಾಡಿಕೆ. ನನಗೆ ಆ ಉತ್ತರ ಸಾಲದೆನಿಸುತ್ತದೆ. ಜಪಾನಿನ ಅತ್ಯುತ್ತಮ ಭಯಾನಕ ಸಣ್ಣಕಥೆಗಳು ಹೆದರಿಸುವುದು ಸ್ವಲ್ಪವೇ. ಅವು ನಮ್ಮ ಕಣ್ಣು, ಕೈ ಮತ್ತು ನೆನಪು ಕೆಲಸ ಮಾಡುವ ಬಗೆಯನ್ನೇ ಹಿಡಿದುಕೊಂಡು ಒಳಕ್ಕೆ ಇಳಿಯುತ್ತವೆ.

ಮೊದಲು ಕಣ್ಣಿನ ಮಾತು. 1963ರಲ್ಲಿ ಗಿಫು ಪ್ರಾಂತ್ಯದಲ್ಲಿ ಹುಟ್ಟಿದ ಇಟೊ, ಕಥೆಗಾರನಾಗುವ ಮುನ್ನ ದಂತ ತಂತ್ರಜ್ಞನಾಗಿ ದುಡಿದವರು. 1987ರಲ್ಲಿ ಅವರ ಮೊದಲ ಕಥೆಯನ್ನು ಗುರುತಿಸಿ ಬಹುಮಾನ ನೀಡಿದ ಸ್ಪರ್ಧೆಗೆ ಈ ಪ್ರಕಾರದ ಹಿರಿಯ ಕಾಜುಓ ಉಮೆಜು ಅವರ ಹೆಸರೇ ಇತ್ತು. ಇಬ್ಬರಿಗೂ ಬಣ್ಣದ ಹಂಗಿಲ್ಲ. ಬಿಳಿ ಕಾಗದ, ಕಪ್ಪು ಶಾಯಿ, ಒತ್ತೊತ್ತಾಗಿ ಎಳೆದ ಗೀಟುಗಳು, ಇಷ್ಟೇ ಬಂಡವಾಳ. ಆದರೆ ಒತ್ತೊತ್ತಾದ ಗೀಟು ಮಿದುಳಿಗೆ ಹಗುರವಾದ ವಸ್ತುವಲ್ಲ. ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದ ಆರ್ನಾಲ್ಡ್ ವಿಲ್ಕಿನ್ಸ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ದೃಷ್ಟಿಯ ಒಂದು ಡಿಗ್ರಿ ಕೋನದೊಳಗೆ ಕಪ್ಪು-ಬಿಳುಪಿನ ಸುಮಾರು ಮೂರು ಜೋಡಿ ಪಟ್ಟೆಗಳಿದ್ದಾಗ ಕಣ್ಣಿಗೆ ಅತಿ ಹೆಚ್ಚು ಕಿರಿಕಿರಿಯಾಗುತ್ತದೆ. ಕೆಲವರಿಗೆ ತಲೆನೋವು ಬರುತ್ತದೆ, ಬೆಳಕಿಗೆ ಸೂಕ್ಷ್ಮವಾದ ಅಪಸ್ಮಾರ ಇರುವವರಲ್ಲಿ ಸೆಳವೂ ಕಾಣಿಸಿಕೊಳ್ಳಬಹುದು. ಪುಸ್ತಕವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಒಂದು ಡಿಗ್ರಿ ಎಂದರೆ ಪುಟದ ಮೇಲೆ ಸುಮಾರು 5 ಮಿಲಿಮೀಟರ್. ಅಷ್ಟರೊಳಗೆ ಮೂರು ಕಪ್ಪು, ಮೂರು ಬಿಳಿ ಗೀಟು ಕೂರಿಸುವುದು ಮಾಂಗಾ ಕಲಾವಿದರಿಗೆ ನಿತ್ಯದ ಕೆಲಸ.

ಅದೇ ವಿಲ್ಕಿನ್ಸ್ 2013ರಲ್ಲಿ ಜೆಫ್ ಕೋಲ್ ಜೊತೆಗೂಡಿ, ಗುಂಪುಗುಂಪಾದ ತೂತುಗಳನ್ನು ಕಂಡರೆ ಮೈ ಜುಮ್ಮೆನ್ನುವ ಅನುಭವದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಟ್ರೈಪೊಫೋಬಿಯಾ ಎಂದು ಕರೆಯಲಾಗುವ ಈ ಅಸಹನೆಯನ್ನು ಉಂಟುಮಾಡುವ ಚಿತ್ರಗಳಲ್ಲಿಯೂ ಕೆಲವು ವಿಷಕಾರಿ ಪ್ರಾಣಿಗಳ ಮೈಮೇಲಿನ ವಿನ್ಯಾಸದಲ್ಲಿಯೂ ಕಪ್ಪು-ಬಿಳುಪಿನ ಹಂಚಿಕೆ ಒಂದೇ ಬಗೆಯದು ಎಂಬುದು ಅವರ ವಾದ. ಬಳಿಕ ಬಂದ ಸಂಶೋಧಕರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಇದು ಹೆದರಿಕೆಗಿಂತ ಹೇಸಿಗೆಗೆ ಹತ್ತಿರವಾದದ್ದು, ಚರ್ಮರೋಗ ಮತ್ತು ಪರೋಪಜೀವಿಗಳಿಂದ ದೂರವಿರಲು ದೇಹ ರೂಢಿಸಿಕೊಂಡ ಎಚ್ಚರಿಕೆ ಎಂದರು. ನನಗೆ ಎರಡನೆಯ ವಿವರಣೆಯೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ತೂತುಗಳಿರುವ ಪುಟ ನೋಡುವಾಗ ಓಡಿಹೋಗಬೇಕೆಂದು ಅನಿಸುವುದಿಲ್ಲ, ಮೈ ಕೆರೆದುಕೊಳ್ಳಬೇಕೆಂದು ಅನಿಸುತ್ತದೆ. ರಂಧ್ರ ತುಂಬಿದ ಬಂಡೆಯೂ, ಇಟೊ ಅವರ ಇನ್ನೊಂದು ಕೃತಿಯಲ್ಲಿ ಇಡೀ ಊರನ್ನು ಸುತ್ತಿಕೊಳ್ಳುವ ಸುರುಳಿಯೂ ಅರ್ಥ ಹೊಳೆಯುವ ಮೊದಲೇ ಕಣ್ಣನ್ನು ಕಲಕಿಬಿಡುತ್ತವೆ.

ಇನ್ನು ಕೈಯ ಮಾತು. ಜಪಾನಿನ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಆದ್ದರಿಂದ ಎಡಪುಟದ ಕೆಳಭಾಗದ ಎಡಮೂಲೆಯ ಚೌಕಟ್ಟಿಗೆ ವಿಶೇಷ ಸ್ಥಾನವಿದೆ. ಅಲ್ಲಿ ಒಬ್ಬ ಹುಡುಗಿ ಏನನ್ನೋ ನೋಡುತ್ತಿದ್ದಾಳೆ ಎಂದುಕೊಳ್ಳಿ. ಹಣೆಯ ಮೇಲೆ ಬೆವರು, ಅರೆ ತೆರೆದ ಬಾಯಿ, ಮಾತಿಲ್ಲ. ಅವಳು ನೋಡುತ್ತಿರುವುದು ಹಾಳೆಯ ಹಿಂಬದಿಯಲ್ಲಿದೆ. ಹಾಳೆ ತಿರುವುವುದನ್ನು ಅಲ್ಲಿನವರು ಮೆಕುರಿ ಎನ್ನುತ್ತಾರೆ; ಯಾವ ಚಿತ್ರ ಮೆಕುರಿಯ ಮುಂಚೆ ಬರಬೇಕು, ಯಾವುದು ಅದರ ನಂತರ ಎಂಬುದು ಕಥೆ ಕಟ್ಟುವವರ ದೊಡ್ಡ ಲೆಕ್ಕಾಚಾರ. ಸಿನಿಮಾದಲ್ಲಿ ಭೂತ ತಾನಾಗಿಯೇ ಎದುರಿಗೆ ಬರುತ್ತದೆ, ನೋಡಲಾಗದವರು ಕಣ್ಣು ಮುಚ್ಚಿಕೊಳ್ಳಬಹುದು. ಇಲ್ಲಿ ಓದುಗನೇ ತನ್ನ ಬೆರಳಿನಿಂದ ಅದನ್ನು ಹೊರಗೆ ತರಬೇಕು. ಹಿಂಜರಿದು ಹಾಳೆಯ ಅಂಚನ್ನು ಹಿಡಿದುಕೊಂಡಿರುವ ಆ ಒಂದೆರಡು ಕ್ಷಣಗಳನ್ನು ಬೇರೆ ಯಾವ ಮಾಧ್ಯಮವೂ ಕೊಡಲಾರದು.

ಈ ಹಿಡಿತ ನಮ್ಮ ಕೈಯಲ್ಲಿರುವುದು ಸಣ್ಣ ವಿಷಯವಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆಯೊಂದಕ್ಕೆ ಹೋದ 110 ಜನರಿಗೆ ಹೃದಯ ಬಡಿತ ಅಳೆಯುವ ಸಾಧನ ಕಟ್ಟಿ ನೋಡಿದರು. 2020ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಭಯ ತೀರ ಕಡಿಮೆಯಾದರೆ ಸಪ್ಪೆ, ತೀರ ಹೆಚ್ಚಾದರೆ ಯಾತನೆ. ಖುಷಿ ಇರುವುದು ನಡುವಿನ ಹದದಲ್ಲಿ. ಮಾಂಗಾ ಓದುವವನು ಆ ಹದವನ್ನು ತಾನೇ ಕಾಯ್ದುಕೊಳ್ಳುತ್ತಾನೆ: ನಿಧಾನಿಸುತ್ತಾನೆ, ಹಿಂದಿನ ಪುಟಕ್ಕೆ ಹೋಗಿ ಉಸಿರು ತೆಗೆದುಕೊಳ್ಳುತ್ತಾನೆ, ಮತ್ತೆ ತಿರುವುತ್ತಾನೆ.

ಆದರೆ ಕಥೆ ವರ್ಷಗಟ್ಟಲೆ ಉಳಿಯಲು ಕಣ್ಣು, ಕೈಗಳಷ್ಟೇ ಸಾಲವು. ಅಮಿಗಾರಾ ಬೆಟ್ಟದ ಲೋಕದಲ್ಲಿ ದಾರಿಯಿದೆ, ಚಾರಣಿಗರಿದ್ದಾರೆ, ಸಂಶೋಧಕರಿದ್ದಾರೆ, ವರದಿಗಾರರಿದ್ದಾರೆ. ಎಲ್ಲವೂ ನಮ್ಮ ಲೋಕದಂತೆಯೇ ಇದೆ. ಮುರಿದಿರುವುದು ಒಂದೇ ಒಂದು ನಿಯಮ. ಕಲ್ಲಿಗೆ ನಿಮ್ಮ ಅಳತೆ ಗೊತ್ತಿದೆ. ಮನಶ್ಶಾಸ್ತ್ರಜ್ಞ ಅರಾ ನೊರೆಂಜಯಾನ್ ಮತ್ತು ಸಂಗಡಿಗರು 2006ರಲ್ಲಿ ಗ್ರಿಮ್ ಸೋದರರು ಸಂಗ್ರಹಿಸಿದ ಜನಪದ ಕಥೆಗಳಲ್ಲಿ ಜನಪ್ರಿಯವಾದವನ್ನೂ ಮೂಲೆಗುಂಪಾದವನ್ನೂ ಹೋಲಿಸಿದರು. ಜನರ ನಾಲಗೆಯ ಮೇಲೆ ಉಳಿದ ಕಥೆಗಳಲ್ಲಿ ಲೋಕನಿಯಮಕ್ಕೆ ವಿರುದ್ಧವಾದ ಸಂಗತಿಗಳು ಬಹುಮಟ್ಟಿಗೆ ಎರಡೋ ಮೂರೋ ಇದ್ದವು. ಒಂದೂ ಇಲ್ಲದಿದ್ದರೆ ಕಥೆ ಗಮನ ಸೆಳೆಯದು, ಹತ್ತಾರು ತುರುಕಿದರೆ ನೆನಪಿಗೆ ಹಿಡಿ ಸಿಗದು. ಮೂವತ್ತು ಪುಟದ ಮಿತಿ ಮಾಂಗಾ ಕಥೆಗಾರರಿಗೆ ಈ ಮಿತವ್ಯಯವನ್ನು ಕಲಿಸಿದೆ ಎಂಬುದು ನನ್ನ ನಂಬಿಕೆ. ನೂರಾರು ಅಧ್ಯಾಯಗಳ ಧಾರಾವಾಹಿಗಳಲ್ಲಿ ಈ ಬಿಗಿ ಸಡಿಲವಾಗುವುದನ್ನು ಕಂಡಿದ್ದೇನೆ.

ನೆನಪಿನ ಕೊನೆಯ ಗಂಟು ರಸಾಯನದ್ದು. 1994ರಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗ ನನಗೆ ಮಾಂಗಾವನ್ನೇ ನೆನಪಿಸುತ್ತದೆ. ಒಂದರ ಹಿಂದೊಂದು ಚಿತ್ರ ತೋರಿಸುತ್ತ ಅವರು ಕಥೆ ಹೇಳಿದರು. ಒಂದು ರೂಪದಲ್ಲಿ ಹುಡುಗನೊಬ್ಬನಿಗೆ ಭೀಕರ ಅಪಘಾತವಾಗುತ್ತದೆ, ಇನ್ನೊಂದರಲ್ಲಿ ಏನೂ ಆಗುವುದಿಲ್ಲ. ವಾರದ ಬಳಿಕ ಕೇಳಿದಾಗ ಅಪಘಾತದ ಭಾಗವೇ ಚೆನ್ನಾಗಿ ನೆನಪಿತ್ತು. ಆದರೆ ಅಡ್ರಿನಲಿನ್ ಬಗೆಯ ಹಾರ್ಮೋನುಗಳ ಪ್ರಭಾವವನ್ನು ತಡೆಯುವ ಪ್ರೊಪ್ರಾನೊಲಾಲ್ ಎಂಬ ಔಷಧಿಯನ್ನು ಮೊದಲೇ ಪಡೆದವರಲ್ಲಿ ಆ ಹೆಚ್ಚುವರಿ ನೆನಪು ಇರಲಿಲ್ಲ. ಎದೆ ಝಲ್ಲೆಂದಾಗ ಮೈಯಲ್ಲಿ ಹರಿಯುವ ಈ ಹಾರ್ಮೋನುಗಳ ರಸವೇ, ಮಿದುಳಿನಲ್ಲಿ ಭಾವನೆಗಳನ್ನು ನಿಭಾಯಿಸುವ ಅಮಿಗ್ಡಲ ಎಂಬ ಭಾಗದ ಮೂಲಕ ಆ ಕ್ಷಣವನ್ನು ಗಟ್ಟಿಯಾಗಿ ಅಚ್ಚೊತ್ತುತ್ತದೆ.

ಹಾಗೆ ಅಚ್ಚಾದದ್ದನ್ನು ಇಟೊ ಬಗೆಹರಿಸದೆ ಬಿಡುತ್ತಾರೆ. ಒಂದು ಕನಸಿನ ಮೂಲಕ ಸಣ್ಣ ಸುಳಿವು ಸಿಗುತ್ತದೆ. ರಂಧ್ರಗಳನ್ನು ಕೊರೆದವರು ಯಾರು, ಇಂದಿನ ಜನರ ಅಳತೆ ಅವರಿಗೆ ಸಿಕ್ಕಿದ್ದು ಹೇಗೆ ಎಂಬುದಕ್ಕೆ ಉತ್ತರವಿಲ್ಲ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಏನಿದೆ ಎಂದು ಇಲ್ಲಿ ಹೇಳಿ, ಓದದವರ ಪಾಲಿನ ಮೆಕುರಿಯನ್ನು ಕಸಿದುಕೊಳ್ಳಲಾರೆ. ಎಡೊ ಕಾಲದ (ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದ) ಜಪಾನಿನಲ್ಲಿ ನೂರು ದೀಪ ಹಚ್ಚಿಟ್ಟು, ಒಂದೊಂದು ಭೂತಕಥೆ ಮುಗಿದಾಗಲೂ ಒಂದೊಂದನ್ನು ಆರಿಸುತ್ತ ಹೋಗುವ ಕೂಟಗಳು ನಡೆಯುತ್ತಿದ್ದವು. ಕೊನೆಯ ದೀಪ ಆರಿದರೆ ನಿಜವಾದ ಭೂತ ಬರುತ್ತದೆಂಬ ನಂಬಿಕೆಯಿಂದ, ಎಷ್ಟೋ ಜನ ತೊಂಬತ್ತೊಂಬತ್ತನೆಯ ಕಥೆಗೇ ನಿಲ್ಲಿಸಿ, ಉಳಿದ ಒಂದೇ ಬೆಳಕಿನಲ್ಲಿ ಬೆಳಗಾಗುವುದನ್ನು ಕಾಯುತ್ತಿದ್ದರಂತೆ.