ಎಷ್ಟು ಮರಗಟ್ಟಿಸಬೇಕು, ಯಾವುದನ್ನು ಬಿಡಬೇಕು

"ಡಾಕ್ಟರೇ, ನನ್ನ ಕೈಯನ್ನು ಯಾರೋ ಎತ್ತಿ ಹಿಡಿದಿದ್ದಾರಲ್ಲ, ಇಳಿಸಲು ಹೇಳಿ. ಅವರಿಗೂ ಸುಸ್ತಾಗುತ್ತದೆ."

ಹಸಿರು ಬಟ್ಟೆಯ ಮರೆಯಲ್ಲಿ ಆ ತಾಯಿಯ ಎಡಗೈ ಮೇಜಿನ ಮೇಲೆ ಚಾಚಿಕೊಂಡು ಬಿದ್ದಿತ್ತು. ಯಾರೂ ಹಿಡಿದಿರಲಿಲ್ಲ. ಚರ್ಮಕ್ಕೆ ಔಷಧಿ ಹಚ್ಚಿ ಶುಚಿ ಮಾಡುವಾಗ ನರ್ಸ್ ಎತ್ತಿ ಹಿಡಿದಿದ್ದು ನಿಜ. ಅಷ್ಟರಲ್ಲಿ ನರಗಳು ಸುದ್ದಿ ಕಳಿಸುವುದನ್ನು ನಿಲ್ಲಿಸಿದ್ದವು. ಕೈ ಇಳಿದದ್ದು ಮಿದುಳಿಗೆ ಗೊತ್ತಾಗಲೇ ಇಲ್ಲ. ಅದರ ಲೆಕ್ಕದಲ್ಲಿ ಕೈ ಇನ್ನೂ ಮೇಲೆಯೇ ಇತ್ತು. ಇಂಥ ಮಾತು ಕೇಳಿಸಿತೆಂದರೆ ಅರಿವಳಿಕೆ ತಜ್ಞನಾದ ನನಗೆ ಸಮಾಧಾನ. ಕೈಗೆ ಕೊಟ್ಟ ಅರಿವಳಿಕೆ, ನಮ್ಮ ಮಾತಿನಲ್ಲಿ ಬ್ಲಾಕ್, ಕೂತಿದೆ ಎಂದರ್ಥ.

ಅವರಿಗೆ ಆಗುತ್ತಿದ್ದುದು ಫಿಸ್ಟುಲಾ ಶಸ್ತ್ರಚಿಕಿತ್ಸೆ. ಕಿಡ್ನಿ ಸೋತವರಿಗೆ ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಮಣಿಕಟ್ಟಿನ ಬಳಿ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿಯುತ್ತಾರೆ. ಇಂಥವರ ಹೃದಯ ದಣಿದಿರುತ್ತದೆ, ಪೊಟ್ಯಾಸಿಯಂ ಏರಿರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿರುವುದೂ ಉಂಟು. ಅಂಗೈಯಗಲದ ಕೆಲಸಕ್ಕಾಗಿ ಇಡೀ ದೇಹವನ್ನು ಮಲಗಿಸಿ ಗಂಟಲಿಗೆ ಕೊಳವೆ ಇಳಿಸುವುದು ಯಾಕೆ? ಕೈಗೆ ಹೋಗುವ ನರಗಳನ್ನು ಮಾತ್ರ ದಾರಿಯಲ್ಲಿ ತಡೆದರೆ ಸಾಕು. ಅದೇ ನರ್ವ್ ಬ್ಲಾಕ್.

ಇದರಲ್ಲಿ ಇನ್ನೊಂದು ಲಾಭವೂ ಇದೆ. ರಕ್ತನಾಳಗಳನ್ನು ಬಿಗಿಹಿಡಿಯುವ ಸೂಕ್ಷ್ಮ ನರಗಳೂ ಸುಮ್ಮನಾಗುವುದರಿಂದ ಕೈಯ ನಾಳಗಳು ಹಿಗ್ಗುತ್ತವೆ. ಗ್ಲಾಸ್ಗೋದ ವೈದ್ಯರು 126 ಮಂದಿಯ ಮೇಲೆ ನಡೆಸಿ 2016ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳ ನಂತರ ಬ್ಲಾಕ್ ಪಡೆದವರಲ್ಲಿ ಶೇ 84ರಷ್ಟು ಫಿಸ್ಟುಲಾಗಳು ಕಟ್ಟಿಕೊಳ್ಳದೆ ತೆರೆದೇ ಇದ್ದವು. ಕೊಯ್ಯುವ ಜಾಗಕ್ಕಷ್ಟೇ ಇಂಜೆಕ್ಷನ್ ಪಡೆದವರಲ್ಲಿ ಶೇ 62. ಅರಿವಳಿಕೆಯ ಆಯ್ಕೆ ಶಸ್ತ್ರಚಿಕಿತ್ಸೆಯ ಫಲವನ್ನೇ ಬದಲಿಸಿದ ಉದಾಹರಣೆಗಳು ನಮಗೆ ಹೆಚ್ಚು ಸಿಗುವುದಿಲ್ಲ. ಹಾಗಾಗಿ ಇದನ್ನು ಹೇಳಿಕೊಳ್ಳಲು ಸ್ವಲ್ಪ ಹೆಮ್ಮೆಯೇ.

ಕೊರಳೆಲುಬಿನ ಮೇಲ್ಗಡೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಪರದೆಯಲ್ಲಿ ಮೊದಲು ಕಾಣುವುದು ಮಿಡಿಯುವ ಕಪ್ಪು ವೃತ್ತ. ಅದು ಅಪಧಮನಿ. ಅದರ ಹೊರಪಕ್ಕಕ್ಕೆ ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಕೈಗೆ ಇಳಿಯುವ ನರಗಳ ಗುಂಪು. ಕೆಳಗೆ ಮೊದಲ ಪಕ್ಕೆಲುಬಿನ ಬಿಳಿ ಗೆರೆ, ಅದರ ಪಕ್ಕದಲ್ಲೇ ಉಸಿರಿನೊಂದಿಗೆ ಅತ್ತಿತ್ತ ಜಾರುವ ಶ್ವಾಸಕೋಶದ ಪೊರೆ. ಇವೆಲ್ಲ ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಒಳಗೇ ಇರುವಂಥವು. ಸೂಜಿ ಪಕ್ಕದಿಂದ ಬೆಳ್ಳಿ ಗೀಟಿನಂತೆ ಸಾಗುತ್ತದೆ. ಮದ್ದು ಬಿಟ್ಟಾಗ ಗೊಂಚಲಿನ ಸುತ್ತ ಕಪ್ಪು ನೀರು ಹರಡಿ ದ್ರಾಕ್ಷಿಗಳು ತೇಲಿದ ಹಾಗೆ ಕಾಣುತ್ತವೆ. ಆಮೇಲೆ ಸ್ಪಿರಿಟ್ ಹತ್ತಿಯಿಂದ ಕೈ ಸವರುತ್ತೇನೆ. "ಒದ್ದೆ ಗೊತ್ತಾಗುತ್ತದೆ, ತಣ್ಣಗಿಲ್ಲ" ಎಂದರೆ ಮದ್ದು ಹತ್ತುತ್ತಿದೆ. ತಂಪು ಮೊದಲು ಹೋಗುತ್ತದೆ, ಮುಟ್ಟಿದ ಅರಿವು ಹೋಗುವುದು ತಡವಾಗಿ.

ಈ ಜಾಗದ ಬ್ಲಾಕ್ ಹೊಸದಲ್ಲ. ಜರ್ಮನಿಯ ವೈದ್ಯ ಕುಲೆನ್‌ಕಾಂಫ್ 1911ರಲ್ಲೇ ಇದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡಿದ್ದ. ಆಗ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಿಗೆ ಸಿಕ್ಕ ನಾಡಿಮಿಡಿತವೇ ಗುರುತು, ಕೈಗೆ ಕರೆಂಟ್ ಹೊಡೆದ ಹಾಗಾಯಿತೆಂದು ರೋಗಿ ಚೀರಿದರೆ ಅದೇ ಸಾಕ್ಷಿ. ಸೂಜಿ ಕೊಂಚ ತಪ್ಪಿದರೆ ಶ್ವಾಸಕೋಶಕ್ಕೆ ತೂತು. ಆಮೇಲೆ ನರ್ವ್ ಸ್ಟಿಮ್ಯುಲೇಟರ್ ಬಂತು. ಸಣ್ಣ ವಿದ್ಯುತ್ತಿಗೆ ಬೆರಳು ಮಿಸುಕಿದರೆ ನರ ಹತ್ತಿರವಿದೆ ಎಂದು ಲೆಕ್ಕ. ನಾನು ಕಲಿತದ್ದು ಹಾಗೆಯೇ. 1994ರಲ್ಲಿ ವಿಯೆನ್ನಾದ ವೈದ್ಯರು ಇದೇ ಬ್ಲಾಕನ್ನು ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ಕೊಟ್ಟು ತೋರಿಸಿದರು.

ಅದೇ 1994ರಲ್ಲಿ ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಬಂತು. ಎರಡಕ್ಕೂ ಸಂಬಂಧವಿದೆ. ಅಲ್ಟ್ರಾಸೌಂಡ್ ಯಂತ್ರವೆಂದರೆ ಅದು ನೋಂದಣಿಯಾಗಬೇಕು, ನೋಂದಣಿಯಾದ ಜಾಗದಲ್ಲೇ ಇರಬೇಕು. ದಿನಕ್ಕೆ ಮೂರು ನರ್ಸಿಂಗ್ ಹೋಮ್ ಸುತ್ತುವ ಅರಿವಳಿಕೆ ತಜ್ಞ ತನ್ನ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಓಡಾಡುವಂತಿಲ್ಲ. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು 2023ರಲ್ಲಿ ಬಯಲಾದ ಮೇಲೆ ಈ ಬಿಗಿ ಏಕೆ ಬೇಕೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಕಾಯ್ದೆ ಸಡಿಲವಾಗಲಿ ಎಂದು ನಾನು ಕೇಳಲಾರೆ. ಆದರೆ ಸಣ್ಣ ಊರಿನ ರೋಗಿಗೆ ಈ ಸೌಲಭ್ಯ ತಡವಾಗಿ ಸಿಗುತ್ತಿರುವುದಕ್ಕೆ ಯಂತ್ರದ ಬೆಲೆಯೊಂದೇ ಕಾರಣವಲ್ಲ ಎಂಬುದು ಗೊತ್ತಿರಲಿ.

ನೋಡಲು ಸಾಧ್ಯವಾದ ಮೇಲೆ ನಮ್ಮ ಪ್ರಶ್ನೆಯೇ ಬದಲಾಯಿತು. ಮೊದಲು ಹೇಗಾದರೂ ಮರಗಟ್ಟಿದರೆ ಸಾಕಿತ್ತು. ಈಗ ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದೇ ತಲೆಯಲ್ಲಿ ಓಡುತ್ತಿರುತ್ತದೆ.

ಭುಜವನ್ನೇ ನೋಡಿ. ಅದಕ್ಕಾಗಿ ಕತ್ತಿನ ಬುಡದಲ್ಲಿ ಕೊಡುವ ಬ್ಲಾಕ್ ಒಳ್ಳೆಯದೇ. ಆದರೆ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರೆಳೆಯುವ ಸ್ನಾಯುವನ್ನು, ಕುಣಿಸುವ ಫ್ರೆನಿಕ್ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. 20 ಮಿಲಿ ಮದ್ದು ಕೊಟ್ಟಾಗ ಆ ಬದಿಯ ವಪೆ ಎಲ್ಲರಲ್ಲೂ ನಿಶ್ಚಲವಾಯಿತು, 5 ಮಿಲಿಗೆ ಇಳಿಸಿದಾಗ ಶೇ 45 ಮಂದಿಯಲ್ಲಿ ಮಾತ್ರ ಎಂದು 2008ರ ಅಧ್ಯಯನವೊಂದು ತೋರಿಸಿತು. ಆರೋಗ್ಯವಂತ ಯುವಕ ಅರ್ಧ ವಪೆಯಲ್ಲಿ ಆರಾಮವಾಗಿರುತ್ತಾನೆ. ಬೀಡಿ ಸೇದಿ ಶ್ವಾಸಕೋಶ ಸವೆಸಿಕೊಂಡ ಅಜ್ಜನಿಗೆ ಅದು ಉಸಿರುಗಟ್ಟಿದಂತೆ. ಅಂಥವರಿಗೆ ಕತ್ತನ್ನು ಬಿಟ್ಟು, ಭುಜದ ಹತ್ತಿರ ನರದ ಕವಲುಗಳನ್ನು ಹುಡುಕಿಕೊಂಡು ಹೋಗುತ್ತೇವೆ.

ಮಂಡಿ ಬದಲಾವಣೆಯಲ್ಲೂ ಇದೇ ಕಥೆ. ಹಿಂದೆ ತೊಡೆಸಂದಿಯಲ್ಲಿ ಫೀಮರಲ್ ನರವನ್ನು ತಡೆಯುತ್ತಿದ್ದೆವು. ನೋವು ಹೋಗುತ್ತಿತ್ತು, ಜೊತೆಗೆ ತೊಡೆಯ ಬಲವೂ. ನೋವಿಲ್ಲವೆಂದು ಶೌಚಕ್ಕೆ ತಾವೇ ಎದ್ದುಹೋಗಿ ಮುಗ್ಗರಿಸಿದವರಿದ್ದಾರೆ. ಈಗ ತೊಡೆಯ ನಡುಭಾಗಕ್ಕೆ ಇಳಿದು, ಅಡಕ್ಟರ್ ಕಾಲುವೆ ಎಂಬ ಸ್ನಾಯುಗಳ ನಡುವಿನ ಓಣಿಯಲ್ಲಿ ಹೆಚ್ಚಾಗಿ ಸ್ಪರ್ಶ ಹೊರುವ ನರಗಳನ್ನಷ್ಟೇ ಹಿಡಿಯುತ್ತೇವೆ. ಮಧ್ಯಾಹ್ನ ಶಸ್ತ್ರಚಿಕಿತ್ಸೆ, ಸಂಜೆ ವಾಕರ್ ಹಿಡಿದು ನಾಲ್ಕು ಹೆಜ್ಜೆ. ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡ ಅಜ್ಜಿಯರಿಗೂ ಇಂಥದೊಂದು ಬಂದಿದೆ. 2018ರಲ್ಲಿ ಟೊರಾಂಟೊದಿಂದ ವರದಿಯಾದ ಅದರ ಹೆಸರು ಪೆಂಗ್ ಬ್ಲಾಕ್. ಕೀಲಿನ ಸುತ್ತಲ ನರಗಳ ಗುಂಪಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಬರೆದವರಲ್ಲಿ ಒಬ್ಬರ ಹೆಸರು ಪೆಂಗ್ ಆಗಿರುವುದು ಕಾಕತಾಳೀಯವೆಂದು ನಂಬುವಷ್ಟು ಮುಗ್ಧರು ನಾವಲ್ಲ.

ಹೆಸರುಗಳ ಹಾವಳಿಯೂ ಹೆಚ್ಚಾಗಿದೆ. ಪ್ರತಿ ಸಮ್ಮೇಳನದಲ್ಲಿ ಹೊಸ ಬ್ಲಾಕ್, ಹೊಸ ಸಂಕ್ಷಿಪ್ತನಾಮ. ಬೆನ್ನಿನ ಸ್ನಾಯುವಿನ ಅಡಿಗೆ ಮದ್ದು ಬಿಡುವ ಎರೆಕ್ಟರ್ ಸ್ಪೈನೆ ಬ್ಲಾಕ್ 2016ರಲ್ಲಿ ಬಂದು ಕೆಲವೇ ವರ್ಷಗಳಲ್ಲಿ ಎಲ್ಲ ನೋವಿಗೂ ಮದ್ದೆಂಬಂತೆ ಹಬ್ಬಿತು. ಪಕ್ಕೆಲುಬು ಮುರಿದವರು ಅದರಿಂದ ಸಲೀಸಾಗಿ ಉಸಿರೆಳೆದುದನ್ನು ಕಂಡಿದ್ದೇನೆ, ಒಂದಿಷ್ಟೂ ಹತ್ತದೆ ಹೋದದ್ದನ್ನೂ ಕಂಡಿದ್ದೇನೆ. ಪೊರೆಗಳ ನಡುವೆ ಮದ್ದು ಎಲ್ಲೆಲ್ಲಿಗೆ ಹರಿಯುತ್ತದೆ ಎಂಬುದು ಆಯಾ ದೇಹಕ್ಕೆ ಬಿಟ್ಟದ್ದು. ನನಗೆ ಹಿಡಿಸಿದ್ದು 2020ರಲ್ಲಿ ಕೆಲವರು ಮುಂದಿಟ್ಟ 'ಪ್ಲಾನ್ ಎ' ಎಂಬ ವಿಚಾರ: ಎಲ್ಲ ಅರಿವಳಿಕೆ ತಜ್ಞರೂ ಏಳು ಬ್ಲಾಕ್‌ಗಳನ್ನು ಚೆನ್ನಾಗಿ ಕಲಿಯಲಿ, ಉಳಿದದ್ದು ಆಸಕ್ತಿಯಿದ್ದವರಿಗಿರಲಿ. ಪರದೆಯ ಮೇಲೆ ನರಕ್ಕೆ ಬಣ್ಣ ಹಚ್ಚಿ ತೋರಿಸುವ ತಂತ್ರಾಂಶವೂ ಈಗ ಬಂದಿದೆ. ಕಲಿಯುವವರಿಗೆ ಒಳ್ಳೆಯದು; ಸೂಜಿ ಹಿಡಿಯುವ ಕೈ ಮಾತ್ರ ನಮ್ಮದೇ.

ಅಪಾಯವಿಲ್ಲವೇ ಎಂದು ರೋಗಿಗಳು ಕೇಳುತ್ತಾರೆ. ಇದೆ. ಮದ್ದು ರಕ್ತನಾಳಕ್ಕೆ ನುಗ್ಗಿದರೆ ನಾಲಿಗೆ ಜೋಮು ಹಿಡಿಯುತ್ತದೆ, ಕಿವಿ ಗುಂಯ್ ಎನ್ನುತ್ತದೆ, ಹೆಚ್ಚಾದರೆ ಫಿಟ್ಸ್ ಬರಬಹುದು, ಹೃದಯವೂ ನಿಲ್ಲಬಹುದು. ಅದಕ್ಕೇ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ನೋಡಿಕೊಂಡು, ಸ್ವಲ್ಪಸ್ವಲ್ಪವಾಗಿ ಕೊಡುತ್ತೇವೆ, ನಡುನಡುವೆ ಮಾತನಾಡಿಸುತ್ತೇವೆ. ಕಪಾಟಿನಲ್ಲಿ ಹಾಲಿನಂಥ ಬಿಳಿ ಬಾಟಲಿ ಇರುತ್ತದೆ, ಶೇ 20ರ ಲಿಪಿಡ್ ದ್ರಾವಣ. ಊಟ ಮಾಡಲಾಗದವರಿಗೆ ನಾಳದ ಮೂಲಕ ಕೊಡುವ ಕೊಬ್ಬು ಅದು. ಅಮೆರಿಕದ ವೈದ್ಯ ವೈನ್‌ಬರ್ಗ್ 1998ರಲ್ಲಿ ಇಲಿಗಳ ಮೇಲೆ ಪ್ರಯೋಗಿಸಿ ಅದು ಈ ವಿಷಕ್ಕೆ ಮದ್ದಾಗಬಲ್ಲದು ಎಂದು ತೋರಿಸಿದರು. ಆ ಬಾಟಲಿ ಇಲ್ಲದ ಕಡೆ ನಾನು ಬ್ಲಾಕ್ ಕೊಡುವುದಿಲ್ಲ.

ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ನನ್ನದೇ ತಪ್ಪು. ಮಣಿಕಟ್ಟು ಮುರಿದ ಹುಡುಗನೊಬ್ಬನಿಗೆ ಸೊಗಸಾದ ಬ್ಲಾಕ್ ಕೊಟ್ಟು ಸಂಜೆ ಮನೆಗೆ ಕಳಿಸಿದ್ದೆ. ರಾತ್ರಿ ಎರಡು ಗಂಟೆಗೆ ಅವನ ತಂದೆಯ ಫೋನ್: "ಸಾರ್, ಹುಡುಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ." ಬ್ಲಾಕ್ ಇಳಿಯುವಾಗ ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ನುಗ್ಗುತ್ತದೆ. ನೋವಿಲ್ಲವೆಂದು ಅವನು ಮಾತ್ರೆಯನ್ನೇ ನುಂಗಿರಲಿಲ್ಲ, ನಾನೂ ಒತ್ತಿ ಹೇಳಿರಲಿಲ್ಲ. ಅಂದಿನಿಂದ ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ಮನೆಯವರಿಂದ ಓದಿಸುತ್ತೇನೆ: ನೋವಿಲ್ಲದಿದ್ದರೂ ಮಲಗುವ ಮುನ್ನ ಮಾತ್ರೆ ನುಂಗಬೇಕು, ಕೈ ಜೋಲಿಯಲ್ಲೇ ಇರಬೇಕು, ಒಲೆಯ ಹತ್ತಿರ ಹೋಗಬಾರದು. ಮರಗಟ್ಟಿದ ಬೆರಳಿಗೆ ಕಾದ ಹೆಂಚು ಸುಟ್ಟದ್ದೂ ತಿಳಿಯುವುದಿಲ್ಲ.

ಆ ತಾಯಿಯ ಶಸ್ತ್ರಚಿಕಿತ್ಸೆ ಮುಗಿಯಿತು. ಸರ್ಜನ್ ಹೊಲಿಗೆಯ ಪಕ್ಕದಲ್ಲಿ ಬೆರಳಿಟ್ಟು ನನಗೂ ತೋರಿಸಿದರು. ಒಳಗೆ ರಕ್ತ ಗುರ್ ಎಂದು ಹರಿಯುತ್ತಿತ್ತು, ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ. ಇದನ್ನು ಥ್ರಿಲ್ ಎನ್ನುತ್ತೇವೆ. ಇನ್ನು ಮುಂದೆ ಅವರು ದಿನವೂ ಮುಟ್ಟಿ ನೋಡಿಕೊಳ್ಳಬೇಕು. ಬಟ್ಟೆ ಸರಿಸಿ ಅವರ ಬಲಗೈ ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲೆ ಇರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದು ಯಾರ ಕೈ?" ಎಂದರು.

"ನಿಮ್ಮದೇ ಅಮ್ಮ."

"ನನ್ನದಾ? ಹಾಗಾದರೆ ಇಳಿಸಿದರಲ್ಲ ಸದ್ಯ," ಎಂದು ಬೆರಳು ತೆಗೆಯದೆ ಹಾಗೆಯೇ ಮಲಗಿದರು.