ಬೀಗ ಹಾಕಿದಿರಿ, ಒಳಗೆ ಯಾರಿದ್ದಾರೆ ನೋಡಿದಿರಾ?

ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಲು ಅರ್ಧ ನಿಮಿಷ ಸಾಕು. ನಿಮ್ಮ ಪ್ರೊಫೈಲ್ ತೆರೆದು, ಮೇಲೆ ಬಲಗಡೆಯ ಮೂರು ಗೆರೆ ಒತ್ತಿ, ‘ಅಕೌಂಟ್ ಪ್ರೈವೆಸಿ’ಗೆ ಹೋಗಿ, ‘ಪ್ರೈವೇಟ್ ಅಕೌಂಟ್’ ಎಂಬ ಸ್ವಿಚ್ ಆನ್ ಮಾಡಿದರೆ ಆಯಿತು. ಆ್ಯಪ್ ಅಪ್‌ಡೇಟ್ ಆದಾಗೆಲ್ಲ ಈ ಮೆನುಗಳು ಅತ್ತಿತ್ತ ಜರುಗುತ್ತವೆ. ಕಾಣದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ತುದಿಯಲ್ಲಿರುವ ಸರ್ಚ್ ಜಾಗದಲ್ಲಿ ‘ಪ್ರೈವೇಟ್’ ಎಂದು ಹುಡುಕಿ.

ಇಷ್ಟು ಮಾಡಿ ‘ನಂದು ಪ್ರೈವೇಟ್ ಇದೆ, ಏನೂ ಆಗಲ್ಲ’ ಎಂದು ನಿಶ್ಚಿಂತೆಯಿಂದ ಇರುವವರು ಬಹಳ. ಆದರೆ ಆ ಸ್ವಿಚ್ ಮಾಡುವ ಕೆಲಸ ಒಂದೇ: ಇನ್ನು ಮುಂದೆ ಬರುವವರು ಬಾಗಿಲು ತಟ್ಟಿ ಬರಬೇಕು. ಈಗಾಗಲೇ ಒಳಗೆ ಕೂತವರನ್ನು ಅದು ಎಬ್ಬಿಸಿ ಕಳಿಸುವುದಿಲ್ಲ. ನಾಲ್ಕು ವರ್ಷ ಎಲ್ಲರಿಗೂ ತೆರೆದಿದ್ದ ಖಾತೆಯಲ್ಲಿ 900 ಫಾಲೋವರ್ಸ್ ಇದ್ದರೆ, ಸ್ವಿಚ್ ಆನ್ ಮಾಡಿದ ಮೇಲೂ ಅಷ್ಟೇ 900 ಇರುತ್ತಾರೆ. ನಿಮ್ಮ ಹಳೆಯ ಫೋಟೊ, ನಾಳೆಯ ಸ್ಟೋರಿ ಎರಡನ್ನೂ ಅವರು ನೋಡುತ್ತಾರೆ. ಹಾಗಾಗಿ ಖಾತೆ ನಿಜವಾಗಿ ಪ್ರೈವೇಟ್ ಆಗುವುದು ಫಾಲೋವರ್ಸ್ ಪಟ್ಟಿಯನ್ನು ಜರಡಿ ಹಿಡಿದಾಗಲೇ.

ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಮುಖ್ಯ. ಮೊದಲು ಸ್ವಿಚ್, ಆಮೇಲೆ ಜರಡಿ. ಖಾತೆ ಇನ್ನೂ ತೆರೆದಿರುವಾಗಲೇ ಒಬ್ಬರನ್ನು ತೆಗೆದರೆ ಅವರು ಮರುಕ್ಷಣವೇ ‘ಫಾಲೋ’ ಒತ್ತಿ ಯಾರ ಅಪ್ಪಣೆಯೂ ಇಲ್ಲದೆ ಮತ್ತೆ ಒಳಗೆ ಬರಬಹುದು. ಪ್ರೈವೇಟ್ ಮಾಡಿದ ಮೇಲೆ ಫಾಲೋವರ್ಸ್ ಪಟ್ಟಿ ತೆರೆದು ಹೆಸರಿನ ಪಕ್ಕದ ‘ರಿಮೂವ್’ ಒತ್ತಿ. ತೆಗೆದಿದ್ದೀರಿ ಎಂಬ ಸೂಚನೆ ಅವರಿಗೆ ಹೋಗುವುದಿಲ್ಲ. ಅವರು ಮತ್ತೆ ರಿಕ್ವೆಸ್ಟ್ ಕಳಿಸಬಹುದು, ಕಳಿಸಲೇಬಾರದು ಎಂದಿದ್ದರೆ ಬ್ಲಾಕ್ ಮಾಡಿ. ಬ್ಲಾಕ್ ಮಾಡುವಾಗ, ಆ ವ್ಯಕ್ತಿ ಮುಂದೆ ತೆರೆಯಬಹುದಾದ ಬೇರೆ ಖಾತೆಗಳನ್ನೂ ಸೇರಿಸಿ ತಡೆಯುವ ಆಯ್ಕೆ ಕೇಳುತ್ತದೆ, ಅದನ್ನೇ ಆರಿಸಿಕೊಳ್ಳಿ. ಒಂದೇ ಸಲಕ್ಕೆ ನೂರಾರು ಜನರನ್ನು ತೆಗೆಯಲು ಹೋದರೆ ಆ್ಯಪ್ ಸ್ವಲ್ಪ ಹೊತ್ತು ತಡೆಯಬಹುದು, ಆದ್ದರಿಂದ ದಿನಕ್ಕಿಷ್ಟು ಎಂದು ಇಟ್ಟುಕೊಳ್ಳಿ. ಈ ಕೆಲಸವನ್ನು ಒಂದೇ ಏಟಿಗೆ ಮಾಡಿಕೊಡುತ್ತೇವೆ, ಯಾರು ನಿಮ್ಮನ್ನು ಅನ್‌ಫಾಲೋ ಮಾಡಿದರು ತೋರಿಸುತ್ತೇವೆ ಎಂದು ಪಾಸ್‌ವರ್ಡ್ ಕೇಳುವ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ಖಾತೆ ಕೈತಪ್ಪುವ ಸಾಮಾನ್ಯ ದಾರಿಗಳಲ್ಲಿ ಅದೂ ಒಂದು.

ತೆಗೆಯಲಾಗದವರೂ ಇರುತ್ತಾರೆ. ಸೋದರತ್ತೆಯ ಮಗ, ಆಫೀಸಿನ ಮೇಲಧಿಕಾರಿ, ಓನರ್ ಮನೆಯವರು. ತೆಗೆದರೆ ಮುಂದಿನ ಹಬ್ಬದಲ್ಲಿ ಮಾತು ಬರುತ್ತದೆ. ಅಂಥವರಿಗೆ ‘ಹೈಡ್ ಸ್ಟೋರಿ’ ಪಟ್ಟಿ ಇದೆ, ಅದರಲ್ಲಿ ಅವರ ಹೆಸರು ಹಾಕಿದರೆ ಸ್ಟೋರಿ ಅವರಿಗೆ ಕಾಣುವುದಿಲ್ಲ. ಇನ್ನೂ ಒಳ್ಳೆಯ ದಾರಿ ‘ಕ್ಲೋಸ್ ಫ್ರೆಂಡ್ಸ್’. ಹದಿನೈದು ಇಪ್ಪತ್ತು ಜನರ ಪಟ್ಟಿ ಮಾಡಿ, ಮನೆಯ ವಿಷಯಗಳನ್ನು ಅವರಿಗಷ್ಟೇ ಹಾಕಿ. ಆ ಪಟ್ಟಿಯಲ್ಲಿ ಇಲ್ಲದವರಿಗೆ ಅಂಥ ಸ್ಟೋರಿ ಹಾಕಿದ್ದೇ ತಿಳಿಯುವುದಿಲ್ಲ. ಕಿರಿಕಿರಿ ಮಾಡುವವರಿಗೆ ‘ರಿಸ್ಟ್ರಿಕ್ಟ್’ ಇದೆ: ಅವರ ಕಾಮೆಂಟ್ ನೀವು ಒಪ್ಪುವ ತನಕ ಅವರಿಗೆ ಮಾತ್ರ ಕಾಣುತ್ತದೆ, ಮೆಸೇಜ್ ರಿಕ್ವೆಸ್ಟ್ ಡಬ್ಬಿಗೆ ಹೋಗುತ್ತದೆ, ನೀವು ಓದಿದಿರೋ ಇಲ್ಲವೋ ಅವರಿಗೆ ಗೊತ್ತಾಗುವುದಿಲ್ಲ.

ಇನ್ನು ಹೊಸದಾಗಿ ಬರುವ ರಿಕ್ವೆಸ್ಟ್‌ಗಳು. ನಕಲಿ ರಿಕ್ವೆಸ್ಟ್ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ನಿಮ್ಮ ಕ್ಲಾಸಿನ ಹುಡುಗಿಯೊಬ್ಬಳ ಫೋಟೊ, ಅವಳದೇ ಹೆಸರು, ಕೊನೆಯಲ್ಲಿ ಒಂದು ಅಂಡರ್‌ಸ್ಕೋರ್ ಹೆಚ್ಚು. ಕೆಳಗೆ ‘ನಿಮ್ಮ ಮೂವರು ಸ್ನೇಹಿತರು ಫಾಲೋ ಮಾಡುತ್ತಿದ್ದಾರೆ’ ಎಂಬ ಸಾಲು. ನಂಬಿಸುವುದು ಆ ಸಾಲೇ. ಆದರೆ ಆ ಮೂವರಲ್ಲಿ ಇಬ್ಬರು ಅದೇ ಸಾಲು ನೋಡಿಯೇ ನಂಬಿದವರು. ಮೊದಲನೆಯವರು ಯೋಚಿಸದೆ ಒಪ್ಪಿದರು, ಎರಡನೆಯವರು ಮೊದಲನೆಯವರನ್ನು ನೋಡಿ ಒಪ್ಪಿದರು. ಇಂಥ ಖಾತೆಯ ಹೆಸರು ಒತ್ತಿ ನೋಡಿ. ಪೋಸ್ಟ್ ಮೂರೋ ನಾಲ್ಕೋ ಇರುತ್ತದೆ, ಫಾಲೋಯಿಂಗ್ ನೂರಾರು. ಮೂರು ಚುಕ್ಕೆಯಡಿ ‘ಅಬೌಟ್ ದಿಸ್ ಅಕೌಂಟ್’ ತೋರಿಸಿದರೆ ಖಾತೆ ಯಾವಾಗ ತೆರೆದದ್ದು ಎಂಬುದೂ ಸಿಗುತ್ತದೆ. ಎಲ್ಲಕ್ಕಿಂತ ಖಚಿತವಾದದ್ದು, ಆ ಹುಡುಗಿಗೇ ಒಂದು ಫೋನ್ ಮಾಡಿ ‘ಹೊಸ ಅಕೌಂಟ್ ಮಾಡಿದ್ದೀಯೇನೇ?’ ಎಂದು ಕೇಳುವುದು.

ಖಾತೆ ಪ್ರೈವೇಟ್ ಆದ ಮೇಲೂ ಹೆಸರು, ಯೂಸರ್‌ನೇಮ್, ಡಿಪಿ, ಬಯೊ, ಬಯೊದಲ್ಲಿ ಕೊಟ್ಟ ಲಿಂಕ್ ಎಲ್ಲವೂ ಊರಿಗೇ ಕಾಣುತ್ತವೆ. ಇದನ್ನು ಮರೆಯುವವರೇ ಹೆಚ್ಚು. ಪಿಯುಸಿ ಓದುವ ಒಬ್ಬ ವಿದ್ಯಾರ್ಥಿಯ ಬಯೊ ಸಾಮಾನ್ಯವಾಗಿ ಹೀಗಿರುತ್ತದೆ: ಕಾಲೇಜಿನ ಹೆಸರು, ‘ಸೆಕೆಂಡ್ ಪಿಯುಸಿ’, ಊರು ಶಿವಮೊಗ್ಗ, ಕೇಕಿನ ಚಿತ್ರದ ಪಕ್ಕ ಹುಟ್ಟಿದ ದಿನ. ಡಿಪಿಯಲ್ಲಿ ಕೊರಳಿನ ಐಡಿ ಕಾರ್ಡು, ಹಿಂದೆ ಸ್ಕೂಟರಿನ ನಂಬರ್ ಪ್ಲೇಟು. ಯೂಸರ್‌ನೇಮ್‌ನಲ್ಲಿ ಹೆಸರಿನ ಜೊತೆ ಹುಟ್ಟಿದ ವರ್ಷ. ಒಂದೂ ಪೋಸ್ಟ್ ನೋಡದೆಯೇ ಈ ಮಗು ಯಾರು, ಬೆಳಿಗ್ಗೆ ಎಲ್ಲಿಗೆ ಹೋಗುತ್ತದೆ ಎಂಬುದು ಅಪರಿಚಿತನಿಗೆ ತಿಳಿಯಿತು. ಆಧಾರ್ ಡೌನ್‌ಲೋಡ್ ಮಾಡಿದಾಗ ಬರುವ ಪಿಡಿಎಫ್‌ಗೆ ಪಾಸ್‌ವರ್ಡ್ ಏನೆಂದು ನೆನಪಿಸಿಕೊಳ್ಳಿ: ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಆ ಫೈಲ್ ಉಳಿದುಹೋಗಿದ್ದರೆ, ಅದರ ಕೀಲಿಕೈಯನ್ನು ನಿಮ್ಮ ಯೂಸರ್‌ನೇಮೇ ಕೊಟ್ಟಂತಾಯಿತು. ವರ್ಷ ತೆಗೆಯಿರಿ, ಹುಟ್ಟಿದ ದಿನ ತೆಗೆಯಿರಿ, ಐಡಿ ಕಾರ್ಡ್ ಇಲ್ಲದ ಡಿಪಿ ಹಾಕಿ. ಯಾವ ಸೆಟ್ಟಿಂಗೂ ನಿಮಗಾಗಿ ಇದನ್ನು ಮಾಡುವುದಿಲ್ಲ.

ನಿಮ್ಮ ಖಾತೆಯ ಬೀಗ ನಿಮ್ಮ ಖಾತೆಗಷ್ಟೇ. ಕಾಲೇಜ್ ಫೆಸ್ಟ್‌ನ ಪೇಜ್ ಅಥವಾ ಮದುವೆಯ ಫೋಟೊಗ್ರಾಫರ್ ನಿಮ್ಮ ಚಿತ್ರ ಹಾಕಿ ಟ್ಯಾಗ್ ಮಾಡಿದರೆ ಅದನ್ನು ಯಾರು ನೋಡಬಹುದು ಎಂಬುದು ಅವರ ಖಾತೆಗೆ ಸೇರಿದ್ದು. ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಗ್ಸ್ ಅಂಡ್ ಮೆನ್ಷನ್ಸ್’ ತೆರೆದು, ಟ್ಯಾಗ್ ಮಾಡುವ ಅವಕಾಶವನ್ನು ನೀವು ಫಾಲೋ ಮಾಡುವವರಿಗೆ ಮಾತ್ರ ಕೊಡಿ, ಟ್ಯಾಗ್‌ಗಳನ್ನು ನೀವೇ ನೋಡಿ ಒಪ್ಪುವ ಆಯ್ಕೆ ಆನ್ ಮಾಡಿ. ಟ್ಯಾಗ್ ತೆಗೆದರೆ ನಿಮ್ಮ ಹೆಸರಿನ ಕೊಂಡಿ ಹೋಗುತ್ತದೆ, ಫೋಟೊ ಅಲ್ಲೇ ಇರುತ್ತದೆ. ಫೋಟೊವೂ ಹೋಗಬೇಕಾದರೆ ಹಾಕಿದವರನ್ನೇ ಕೇಳಬೇಕು. ಸಿನಿಮಾ ತಾರೆಯ ಪೋಸ್ಟ್‌ಗೆ ನೀವು ಬರೆದ ಕಾಮೆಂಟ್ ಕೂಡ ಹಾಗೆಯೇ: ಖಾತೆ ಪ್ರೈವೇಟ್, ಕಾಮೆಂಟ್ ಬಹಿರಂಗ.

ಇನ್‌ಸ್ಟಾಗ್ರಾಂನಿಂದ ಫೇಸ್‌ಬುಕ್‌ಗೆ ತಾನಾಗಿ ಪೋಸ್ಟ್ ಹೋಗುವಂತೆ ಇಟ್ಟವರು ಇನ್ನೊಂದು ತೂತು ಮುಚ್ಚಬೇಕು. ಅಲ್ಲಿಗೆ ಹೋದ ಚಿತ್ರಕ್ಕೆ ಫೇಸ್‌ಬುಕ್‌ನ ಆಡಿಯನ್ಸ್ ಸೆಟ್ಟಿಂಗ್ ಅನ್ವಯಿಸುತ್ತದೆ. ಅದು ‘ಪಬ್ಲಿಕ್’ ಇದ್ದರೆ ಇಲ್ಲಿ ನೀವು ಮುಚ್ಚಿಟ್ಟದ್ದು ಅಲ್ಲಿ ಬಯಲಾಯಿತು. ಸೆಟ್ಟಿಂಗ್ಸ್‌ನಲ್ಲಿರುವ ‘ಅಕೌಂಟ್ಸ್ ಸೆಂಟರ್’ನಲ್ಲಿ ಪ್ರೊಫೈಲ್‌ಗಳ ನಡುವಿನ ಶೇರಿಂಗ್ ಆಫ್ ಮಾಡಿ. ಅದೇ ಕಂಪನಿಯ ಇನ್ನೊಂದು ಆ್ಯಪ್ ಥ್ರೆಡ್ಸ್ ಬಳಸುವವರು ಅಲ್ಲಿಯೂ ಪ್ರತ್ಯೇಕವಾಗಿ ಪ್ರೈವೇಟ್ ಮಾಡಬೇಕು. ಇನ್‌ಸ್ಟಾಗ್ರಾಂನ ಬೀಗ ಅದಕ್ಕೆ ತಗುಲುವುದಿಲ್ಲ.

ಮನೆಯಲ್ಲೇ ಕೇಕ್ ಮಾಡುವವರು, ಸೀರೆ ಮಾರುವವರು ಬಿಸಿನೆಸ್ ಖಾತೆ ಇಟ್ಟಿರುತ್ತಾರೆ. ಬಿಸಿನೆಸ್ ಖಾತೆಯನ್ನು ಪ್ರೈವೇಟ್ ಮಾಡಲು ಬರುವುದಿಲ್ಲ, ಮೊದಲು ಪರ್ಸನಲ್ ಖಾತೆಗೆ ಬದಲಿಸಬೇಕು. ವ್ಯಾಪಾರ ನಡೆಯಬೇಕಾದವರಿಗೆ ಅದು ಆಗದ ಮಾತು. ಅವರಿಗೆ ಸರಿಯಾದ ಉಪಾಯ ಎರಡು ಖಾತೆ: ಅಂಗಡಿಯದು ತೆರೆದಿರಲಿ, ಮಕ್ಕಳ ಫೋಟೊ, ಪ್ರವಾಸದ ಫೋಟೊ ಇರುವುದು ಬೇರೆಯಾಗಿ ಪ್ರೈವೇಟ್ ಇರಲಿ. ಅಂಗಡಿ ಖಾತೆಯ ‘ಎಡಿಟ್ ಪ್ರೊಫೈಲ್’ನಲ್ಲಿ ಕಾಂಟ್ಯಾಕ್ಟ್ ವಿವರ ತೆರೆದು, ಮನೆಯ ವಿಳಾಸ ಮತ್ತು ಸ್ವಂತ ಫೋನ್ ನಂಬರ್ ಬಹಿರಂಗವಾಗಿ ಕಾಣುತ್ತಿದೆಯೇ ಎಂದು ಇವತ್ತೇ ನೋಡಿ.

ಫೋನ್ ನಂಬರಿನ ವಿಷಯ ಇದಕ್ಕಿಂತ ಗಂಭೀರ. 2021ರ ಏಪ್ರಿಲ್‌ನಲ್ಲಿ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಫೋನ್ ನಂಬರು ಮತ್ತಿತರ ವಿವರ ಅಂತರ್ಜಾಲದಲ್ಲಿ ಬಿದ್ದವು. ಅದರಲ್ಲಿ ಭಾರತದವರು ಸುಮಾರು 60 ಲಕ್ಷ. ಪಾಸ್‌ವರ್ಡ್ ಕದ್ದು ತೆಗೆದದ್ದಲ್ಲ ಅದು. ಕಾಂಟ್ಯಾಕ್ಟ್ಸ್ ಹಾಕಿ ಗೆಳೆಯರನ್ನು ಹುಡುಕುವ ಸೌಲಭ್ಯಕ್ಕೆ ರಾಶಿ ರಾಶಿ ನಂಬರ್ ತುಂಬಿ, ಯಾವ ನಂಬರಿಗೆ ಯಾವ ಪ್ರೊಫೈಲ್ ಹೊಂದುತ್ತದೆ ಎಂದು 2019ರಲ್ಲಿ ಹೆಕ್ಕಿಕೊಂಡದ್ದು. ಆದ್ದರಿಂದ ಫೇಸ್‌ಬುಕ್‌ನ ‘ಹೌ ಪೀಪಲ್ ಫೈಂಡ್ ಅಂಡ್ ಕಾಂಟ್ಯಾಕ್ಟ್ ಯು’ ಎಂಬಲ್ಲಿ ನಂಬರ್ ಮತ್ತು ಇಮೇಲ್ ಮೂಲಕ ಹುಡುಕುವ ಅವಕಾಶವನ್ನು ‘ಓನ್ಲಿ ಮಿ’ ಮಾಡಿ. ಸರ್ಚ್ ಎಂಜಿನ್‌ಗಳು ನಿಮ್ಮ ಪ್ರೊಫೈಲ್ ತೋರಿಸಬೇಕೇ ಎಂಬ ಪ್ರಶ್ನೆಯೂ ಅಲ್ಲೇ ಇದೆ, ಅದನ್ನು ಆಫ್ ಮಾಡಿ. ಅಕೌಂಟ್ಸ್ ಸೆಂಟರ್‌ನಲ್ಲಿ ಕಾಂಟ್ಯಾಕ್ಟ್ಸ್ ಅಪ್‌ಲೋಡ್ ನಿಲ್ಲಿಸಿ.

ಫೇಸ್‌ಬುಕ್ ನಮ್ಮ ದೇಶಕ್ಕೆ 2020ರಲ್ಲಿ ತಂದ ‘ಲಾಕ್ ಪ್ರೊಫೈಲ್’ ಒಳ್ಳೆಯ ಸೌಲಭ್ಯ. ಪ್ರೊಫೈಲ್‌ನ ಮೂರು ಚುಕ್ಕೆ ಒತ್ತಿ ಆರಿಸಿದರೆ ಹಳೆಯ ಪಬ್ಲಿಕ್ ಪೋಸ್ಟ್‌ಗಳೂ ಸ್ನೇಹಿತರಿಗೆ ಸೀಮಿತವಾಗುತ್ತವೆ, ಡಿಪಿಯನ್ನು ಹೊರಗಿನವರು ದೊಡ್ಡದು ಮಾಡಿ ನೋಡಲಾರರು. ಇದರ ಜೊತೆಗೆ ಫ್ರೆಂಡ್ಸ್ ಪಟ್ಟಿಯನ್ನೂ ‘ಓನ್ಲಿ ಮಿ’ ಮಾಡಲೇಬೇಕು. ನಿಮ್ಮ ಹೆಸರಲ್ಲಿ ನಕಲಿ ಖಾತೆ ತೆರೆದು ‘ಅರ್ಜೆಂಟು, 5,000 ಗೂಗಲ್ ಪೇ ಮಾಡು, ಸಂಜೆ ಕೊಡ್ತೀನಿ’ ಎಂದು ಕೇಳುವವನಿಗೆ ಬೇಕಾದದ್ದು ಎರಡೇ: ನಿಮ್ಮ ಫೋಟೊ ಮತ್ತು ಯಾರನ್ನು ಕೇಳಬೇಕೆಂಬ ಪಟ್ಟಿ. ಫೋಟೊ ಹೇಗಾದರೂ ಸಿಕ್ಕೀತು. ಪಟ್ಟಿ ಸಿಗದಿದ್ದರೆ ಅವನು ಕತ್ತಲಲ್ಲಿ ತಡಕಾಡಬೇಕು.

ವಾಟ್ಸ್‌ಆ್ಯಪ್ ಬಗ್ಗೆ ಎರಡೇ ಮಾತು. ಪ್ರೈವೆಸಿಯಲ್ಲಿ ಪ್ರೊಫೈಲ್ ಫೋಟೊ ಮತ್ತು ಗ್ರೂಪ್ಸ್ ಎರಡನ್ನೂ ‘ಮೈ ಕಾಂಟ್ಯಾಕ್ಟ್ಸ್’ ಮಾಡಿ. ಆದರೆ ಗ್ಯಾಸ್ ಸಿಲಿಂಡರ್ ತರುವವರು, ಪ್ಲಂಬರ್, ಹಳೆಯ ಬ್ರೋಕರ್ ಎಲ್ಲರೂ ನಿಮ್ಮ ಕಾಂಟ್ಯಾಕ್ಟ್ಸ್‌ನಲ್ಲೇ ಇದ್ದಾರೆ, ಆದ್ದರಿಂದ ಸ್ಟೇಟಸ್‌ಗೆ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಆರಿಸಿಕೊಳ್ಳಿ. ಈ ಬದಲಾವಣೆ ಮುಂದಿನ ಸ್ಟೇಟಸ್‌ಗೆ ಮಾತ್ರ, ಆಗಲೇ ಹಾಕಿದ್ದಕ್ಕೆ ಹೊಂದುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ಇನ್‌ಸ್ಟಾಗ್ರಾಂ 2025ರ ಫೆಬ್ರುವರಿಯಲ್ಲಿ ಭಾರತಕ್ಕೂ ‘ಟೀನ್ ಅಕೌಂಟ್’ ಪ್ರಕಟಿಸಿತು. ಈ ಖಾತೆ ತಾನಾಗಿ ಪ್ರೈವೇಟ್ ಇರುತ್ತದೆ, ಅಪರಿಚಿತರ ಮೆಸೇಜ್ ಬರುವುದಿಲ್ಲ. 16ಕ್ಕಿಂತ ಚಿಕ್ಕವರು ಇದನ್ನು ಸಡಿಲಿಸಬೇಕಾದರೆ ಅಪ್ಪ ಅಮ್ಮ ಒಪ್ಪಬೇಕು. ಪೋಷಕರು ಕಣ್ಣಿಡುವ ‘ಸೂಪರ್‌ವಿಷನ್’ ಆಯ್ಕೆ ಹಾಕಿಕೊಂಡರೆ ಕಳೆದ ಏಳು ದಿನಗಳಲ್ಲಿ ಮಗು ಯಾರ ಜೊತೆ ಚಾಟ್ ಮಾಡಿತು ಎಂದು ಪೋಷಕರಿಗೆ ಕಾಣುತ್ತದೆ, ಮೆಸೇಜಿನ ಒಳಗಿನದು ಕಾಣುವುದಿಲ್ಲ. ಈ ಗಡಿ ನ್ಯಾಯವಾದದ್ದು. ಇದೆಲ್ಲ ಕೆಲಸ ಮಾಡುವುದು ನಿಜವಾದ ವಯಸ್ಸು ಕೊಟ್ಟಾಗ ಮಾತ್ರ. ಖಾತೆ ತೆರೆಯುವಾಗ ದೊಡ್ಡವರೇ ‘ಹಾಕು ಹಾಕು, 1995 ಅಂತ ಹಾಕು’ ಎಂದಿದ್ದರೆ ಆ ರಕ್ಷಣೆಯನ್ನು ಅವರೇ ಕಿತ್ತುಹಾಕಿದಂತಾಯಿತು.

‘ಮುಚ್ಚಿಡುವಂಥದ್ದು ಏನು ಮಾಡಿದ್ದೀಯ?’ ಎಂದು ಮನೆಯಲ್ಲಿ ಕೇಳುತ್ತಾರೆ, ಹೆಣ್ಣುಮಕ್ಕಳನ್ನು ಹೆಚ್ಚು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಮುಚ್ಚಿಡಲು ತಪ್ಪು ಮಾಡಿರಬೇಕಾಗಿಲ್ಲ ಎಂದು ಮಗಳಿಗೆ ಧೈರ್ಯವಾಗಿ ಹೇಳಬಹುದು.

ಇಷ್ಟಾದರೂ ಯಾರಾದರೂ ನಿಮ್ಮ ಫೋಟೊ ದುರ್ಬಳಕೆ ಮಾಡಿದರೆ ಸಿಟ್ಟಿನಲ್ಲಿ ಮೊದಲು ಬ್ಲಾಕ್ ಒತ್ತಬೇಡಿ. ಬ್ಲಾಕ್ ಮಾಡಿದ ಮೇಲೆ ಆ ಖಾತೆಯ ಪೋಸ್ಟ್‌ಗಳು ನಿಮಗೇ ಕಾಣದೆ ಹೋಗಬಹುದು, ಸಾಕ್ಷಿ ತೆಗೆಯುವುದು ಕಷ್ಟವಾಗುತ್ತದೆ. ಪ್ರೊಫೈಲ್, ಪೋಸ್ಟ್, ಚಾಟ್‌ಗಳ ಸ್ಕ್ರೀನ್‌ಶಾಟ್ ತೆಗೆದು, ಪ್ರೊಫೈಲ್ ಮತ್ತು ಪೋಸ್ಟ್‌ನ ಲಿಂಕ್ ಕಾಪಿ ಮಾಡಿ ದಿನಾಂಕ, ಸಮಯದ ಜೊತೆ ಬರೆದಿಡಿ. ಆಮೇಲೆ ಆ್ಯಪ್‌ನಲ್ಲಿ ರಿಪೋರ್ಟ್, ಆಮೇಲೆ ಬ್ಲಾಕ್. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಉಳಿದ ದೂರನ್ನು ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೊಡಿ. ಅಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಪರಾಧಕ್ಕೆ ಬೇರೆಯೇ ವಿಭಾಗವಿದ್ದು, ಹೆಸರು ಹೇಳದೆಯೂ ದೂರು ಕೊಡಬಹುದು. ಬೇರೆಯವರ ಗುರುತನ್ನು ಕದ್ದು ಬಳಸುವುದಕ್ಕೆ ಐಟಿ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಖಾಸಗಿ ಚಿತ್ರ ಹರಡುವ ಬೆದರಿಕೆ ಇದ್ದರೆ ‘ಸ್ಟಾಪ್‌ಎನ್‌ಸಿಐಐ’ ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ. ಅದು ಹೊಂದುವ ಚಿತ್ರವನ್ನು ಸೇವೆಯ ಜೊತೆ ಕೈಜೋಡಿಸಿದ ಜಾಲತಾಣಗಳು ತಡೆಯುತ್ತವೆ. 18ಕ್ಕಿಂತ ಚಿಕ್ಕವರ ಚಿತ್ರಕ್ಕೆ ‘ಟೇಕ್ ಇಟ್ ಡೌನ್’ ಎಂಬುದು ಬೇರೆ ಇದೆ.

ಎಲ್ಲ ಮುಗಿದ ಮೇಲೆ ನಿಮ್ಮ ಮನೆಯನ್ನು ನೀವೇ ಹೊರಗಿನಿಂದ ನೋಡಿ. ಫೇಸ್‌ಬುಕ್‌ನಲ್ಲಿ ‘ವ್ಯೂ ಆ್ಯಸ್’ ಒತ್ತಿದರೆ ಅಪರಿಚಿತರಿಗೆ ಏನು ಕಾಣುತ್ತದೆ ಎಂದು ತೋರಿಸುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಅಂಥದ್ದಿಲ್ಲ, ನಿಮ್ಮನ್ನು ಫಾಲೋ ಮಾಡದ ಒಬ್ಬರ ಫೋನಿನಲ್ಲಿ ನಿಮ್ಮ ಹೆಸರು ಹುಡುಕಿ. ಬ್ರೌಸರಿನ ಇನ್‌ಕಾಗ್ನಿಟೊದಲ್ಲಿ ಗೂಗಲ್ ಮಾಡಿಯೂ ನೋಡಿ. ಖಾತೆ ತೆರೆದಿದ್ದ ಕಾಲದ ಚಿತ್ರ ಅಲ್ಲಿ ಇನ್ನೂ ಕಂಡರೆ ಗೂಗಲ್‌ನ ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’ ಪುಟದಲ್ಲಿ ಆ ಲಿಂಕ್ ಹಾಕಿ ಕೋರಿಕೆ ಸಲ್ಲಿಸಿ, ಒಂದು ವಾರ ಬಿಟ್ಟು ಮತ್ತೊಮ್ಮೆ ಹುಡುಕಿ ನೋಡಿ.