ಡ್ರ್ಯಾಗ್ ಚೂಟ್: ಬ್ರೇಕ್ ಫೇಲಾದಾಗ ಬಿಚ್ಚುವ ವಸ್ತುವಲ್ಲ

ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಆಗಾಗ ಸುತ್ತಾಡುತ್ತಿರುತ್ತದೆ. ನಾರ್ವೆಯ ಎಫ್-35 ಯುದ್ಧವಿಮಾನ ಹಿಮ ಬಿದ್ದ ರನ್‌ವೇ ಮೇಲೆ ಇಳಿಯುತ್ತದೆ, ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಕೆಳಗೆ ಬರಹ: ‘ಬ್ರೇಕ್ ಫೇಲ್! ಪ್ಯಾರಾಚೂಟ್‌ನಿಂದ ಪಾರಾದ ಪೈಲಟ್’. ಜಾಣರೊಬ್ಬರು ಬಂದು ‘ಅದು ಡ್ರೋಗ್ ಚೂಟ್ ಸಾರ್’ ಎಂದು ತಿದ್ದುತ್ತಾರೆ. ಇನ್ನೊಬ್ಬರು ‘ನಮ್ಮ ತೇಜಸ್ ಕೂಡ ಗೋವಾದಲ್ಲಿ ಹೀಗೇ ಇಳಿದಿತ್ತು’ ಅಂತಾರೆ. ಮೂರೂ ತಪ್ಪು. ಎಷ್ಟು ಸಲ ಸುಮ್ಮನಿರುವುದು?

ಮೊದಲನೆಯದನ್ನು ಬೇಗ ಮುಗಿಸೋಣ. ಇಳಿದ ವಿಮಾನದ ವೇಗ ತಗ್ಗಿಸಲು ಬಾಲದಿಂದ ಬಿಚ್ಚುವ ಈ ಪ್ಯಾರಾಚೂಟೇ ಡ್ರ್ಯಾಗ್ ಚೂಟ್. ಅದು ತುರ್ತು ಸಾಧನವಲ್ಲ. ಎಷ್ಟೋ ಯುದ್ಧವಿಮಾನಗಳಿಗೆ ಅದು ಇಳಿಯುವ ಕೆಲಸದ ಒಂದು ಸಾಮಾನ್ಯ ಹಂತ. ಮಿಗ್-21ಕ್ಕೆ ಇತ್ತು. ಜಾಗ್ವಾರ್‌ಗೆ, ತೇಜಸ್‌ಗೆ, ಸುಖೋಯ್‌ಗೆ ಇದೆ. ಸುಖೋಯ್-30 ಎಂಕೆಐ 2002ರಲ್ಲಿ ವಾಯುಪಡೆಗೆ ಸೇರಿದ್ದೇ ಇಲ್ಲಿ, ನಮ್ಮ ಪುಣೆಯ ಲೋಹೆಗಾಂವ್ ವಾಯುನೆಲೆಯಲ್ಲಿ. ವಿಮಾನ ನಗರ, ಧಾನೋರಿ ಕಡೆ ಮನೆ ಮಾಡಿಕೊಂಡು, ತಲೆಯ ಮೇಲೆ ಸುಖೋಯ್ ಸದ್ದು ಕೇಳುತ್ತಾ ಚಹಾ ಕುಡಿಯುವವರೇ ‘ಬ್ರೇಕ್ ಫೇಲ್’ ಅಂತ ಫಾರ್ವರ್ಡ್ ಮಾಡಿದರೆ ಏನು ಹೇಳುವುದು!

ಅದೇ ಲೋಹೆಗಾಂವ್ ರನ್‌ವೇ ಮೇಲೆ ನಾವು ಟಿಕೆಟ್ ತೆಗೆದುಕೊಂಡು ಇಳಿಯುವ ವಿಮಾನಕ್ಕೆ ಚೂಟ್ ಯಾಕಿಲ್ಲ? ಚಕ್ರ ನೆಲ ಮುಟ್ಟಿದ ಕೂಡಲೇ ಎಂಜಿನ್ ಜೋರಾಗಿ ಮೊರೆಯುತ್ತದಲ್ಲ, ಅದು ಗಾಳಿಯನ್ನು ಮುಂದಕ್ಕೆ ತಿರುಗಿಸಿ ತಳ್ಳುವ ಸದ್ದು. ಆ ಏರ್ಪಾಟಿಗೆ ತೂಕ ಜಾಸ್ತಿ, ಹಾಗಾಗಿ ಯುದ್ಧವಿಮಾನಗಳಲ್ಲಿ ಅಪರೂಪ. ಸ್ವೀಡನ್ನಿನ ವಿಗೆನ್‌ನಂಥ ಒಂದೆರಡರಲ್ಲಿ ಇತ್ತು, ಅಷ್ಟೇ. ಹಾಗಂತ ಚೂಟ್ ಬರೀ ಮಿಲಿಟರಿ ಸಾಮಾನೂ ಅಲ್ಲ. ಸೋವಿಯತ್ ಒಕ್ಕೂಟದ ಟಿಯು-104 ಪ್ರಯಾಣಿಕರ ಜೆಟ್. 1956ರಲ್ಲಿ ಸೇವೆಗೆ ಬಂದ ಅದರ ಬಾಲದಲ್ಲಿ ಚೂಟ್ ಇತ್ತು.

ಈಗ ಡ್ರ್ಯಾಗ್ ಮತ್ತು ಡ್ರೋಗ್. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಡ್ರ್ಯಾಗ್ ಅನ್ನುವುದು ಒಂದು ಬಲದ ಹೆಸರು. ಗಾಳಿಯಲ್ಲಿ ಮುಂದೆ ಹೋಗುವ ಯಾವುದನ್ನಾದರೂ ಗಾಳಿ ಹಿಂದಕ್ಕೆ ಜಗ್ಗುತ್ತದೆ, ಆ ಜಗ್ಗಾಟವೇ ಡ್ರ್ಯಾಗ್. ಅದನ್ನು ಬೇಕೆಂದೇ ಹೆಚ್ಚಿಸುವ ಚೂಟ್ ಡ್ರ್ಯಾಗ್ ಚೂಟ್. ನಮ್ಮ ವಾಯುಪಡೆಯವರು ಇದನ್ನೇ ಬ್ರೇಕ್ ಚೂಟ್ ಅಂತಲೂ ಟೇಲ್ ಚೂಟ್ ಅಂತಲೂ ಕರೆಯುತ್ತಾರೆ. ಮೂರರಲ್ಲಿ ಯಾವುದನ್ನು ಬಳಸಿದರೂ ನನ್ನ ತಕರಾರಿಲ್ಲ.

ಡ್ರೋಗ್ ಬಂದದ್ದು ಸಮುದ್ರದಿಂದ. ತಿಮಿಂಗಿಲ ಬೇಟೆಗಾರರು ಈಟಿಯ ಹಗ್ಗಕ್ಕೆ ಮರದ ಹಲಗೆ ಕಟ್ಟುತ್ತಿದ್ದರು. ಈಟಿ ನೆಟ್ಟ ತಿಮಿಂಗಿಲ ಆ ಹಲಗೆಯನ್ನು ನೀರಿನಲ್ಲಿ ಎಳೆದು ಎಳೆದು ಸುಸ್ತಾಗಬೇಕು. ಆ ಹಲಗೆಯೇ ಡ್ರೋಗ್. ಆಮೇಲೆ ಬಿರುಗಾಳಿಯಲ್ಲಿ ದೋಣಿ ಹದ ತಪ್ಪದಿರಲಿ ಎಂದು ಹಿಂದೆ ಇಳಿಬಿಡುವ ಬಟ್ಟೆಯ ಆಲಿಕೆಗೂ ಅದೇ ಹೆಸರು ಬಂತು. ಅಲ್ಲಿಂದ ವಿಮಾನಗಳಿಗೆ ಹತ್ತಿತು. ಆಕಾಶದಲ್ಲೇ ಇಂಧನ ತುಂಬುವಾಗ ಟ್ಯಾಂಕರ್‌ನ ಕೊಳವೆ ತುದಿಯಲ್ಲಿ ಬುಟ್ಟಿಯಂಥದ್ದು ತೇಲುತ್ತಿರುತ್ತದೆ. ಅದೂ ಡ್ರೋಗ್. ಅದಕ್ಕೂ ಇಳಿಯುವುದಕ್ಕೂ ಸಂಬಂಧವೇ ಇಲ್ಲ.

ಪ್ಯಾರಾಚೂಟ್‌ಗಳ ಲೋಕದಲ್ಲಿ ಡ್ರೋಗ್ ಅಂದರೆ ಸಾಮಾನ್ಯವಾಗಿ ದೊಡ್ಡ ಚೂಟ್‌ಗಿಂತ ಮೊದಲು ಬರುವ ಚಿಕ್ಕದು. ಗಗನಯಾನದ ಕ್ಯಾಪ್ಸೂಲನ್ನೇ ತೆಗೆದುಕೊಳ್ಳಿ. ಒಟ್ಟು 10 ಚೂಟ್. ಮೊದಲ 2 ಮೇಲಿನ ಮುಚ್ಚಳವನ್ನು ಕಿತ್ತೊಯ್ಯುತ್ತವೆ. ಆಮೇಲೆ 2 ಡ್ರೋಗ್ ಬಿಚ್ಚಿ ಕ್ಯಾಪ್ಸೂಲಿನ ಓಲಾಟ ನಿಲ್ಲಿಸುತ್ತವೆ, ವೇಗ ಇಳಿಸುತ್ತವೆ. ಆಮೇಲೆ 3 ಪೈಲಟ್ ಚೂಟ್, ಅವು ಹೊರಗೆಳೆಯುವ 3 ಮುಖ್ಯ ಚೂಟ್. (ಪೈಲಟ್ ಚೂಟ್ ಅಂದರೆ ಪೈಲಟ್ ಬೆನ್ನಿಗೆ ಕಟ್ಟಿಕೊಳ್ಳುವುದಲ್ಲ. ಇನ್ನೊಂದು ಚೂಟನ್ನು ಎಳೆದು ತೆಗೆಯುವ ಪುಟಾಣಿ ಚೂಟ್. ಇದನ್ನೂ ಒಬ್ಬರು ‘ಪೈಲಟ್ ಸೇಫ್’ ಎಂದು ಬರೆದದ್ದನ್ನು ನೋಡಿದ್ದೇನೆ.) ಅಂದರೆ ಡ್ರೋಗ್ ಸಾಲಿನಲ್ಲಿ ಒಬ್ಬ, ಅವನ ಹಿಂದೆ ದೊಡ್ಡವರು ಬರಬೇಕು. ಸುಖೋಯ್ ಬಾಲದ ಚೂಟ್ ಹಿಂದೆ ಯಾರೂ ಬರುವುದಿಲ್ಲ. ಅದೇ ಕೊನೆ. ಗಗನಯಾನಕ್ಕೂ ಯುದ್ಧವಿಮಾನಕ್ಕೂ ಚೂಟ್ ರೂಪಿಸುವುದು ಆಗ್ರಾದ ಅದೇ ರಕ್ಷಣಾ ಸಂಶೋಧನಾ ಪ್ರಯೋಗಾಲಯ, ಎಡಿಆರ್‌ಡಿಇ. ಗೊಂದಲಕ್ಕೆ ಅದೂ ಒಂದು ಕಾರಣ ಇರಬಹುದು. ವಿದೇಶಿ ಪುಸ್ತಕಗಳೂ ಒಮ್ಮೊಮ್ಮೆ ಎರಡನ್ನೂ ಕಲಸುತ್ತವೆ, ನಿಜ. ಆದರೆ ಸರಿಯಾಗಿ ಬರೆದವರನ್ನು ತಪ್ಪಾಗಿ ತಿದ್ದುವ ಹಕ್ಕು ಅದರಿಂದ ಯಾರಿಗೂ ಬರುವುದಿಲ್ಲ ಅಲ್ವಾ?

ಗೋವಾದ ವಿಷಯ. 2019ರ ಸೆಪ್ಟೆಂಬರ್‌ನಲ್ಲಿ ನೌಕಾ ತೇಜಸ್ ಅಲ್ಲಿ ಇಳಿದದ್ದು ಐಎನ್ಎಸ್ ಹಂಸ ನೌಕಾನೆಲೆಯ ಪರೀಕ್ಷಾ ರನ್‌ವೇ ಮೇಲೆ. ಬಾಲದ ಕೆಳಗಿನ ಕೊಕ್ಕೆಯನ್ನು ನೆಲದ ಮೇಲೆ ಅಡ್ಡ ಬಿಗಿದ ಉಕ್ಕಿನ ತಂತಿಗೆ ಸಿಕ್ಕಿಸಿ ನಿಲ್ಲಿಸಿದರು. ಇದು ಅರೆಸ್ಟೆಡ್ ಲ್ಯಾಂಡಿಂಗ್. ವಿಮಾನವಾಹಕ ಹಡಗಿನ ಮೇಲೆ ಇಳಿಯಲು ಬೇಕಾದ ವಿದ್ಯೆ. ಹಡಗಿನ ಡೆಕ್ ಮೇಲೆ ಚೂಟ್ ಬಿಚ್ಚಿ, ಅದು ಅರಳಿ, ವೇಗ ಇಳಿಯುವಷ್ಟರಲ್ಲಿ ವಿಮಾನ ನೀರಿನಲ್ಲಿರುತ್ತದೆ.

ಸರಿ, ಮಂಜುಗಡ್ಡೆಗೆ ಬರೋಣ. ಚಕ್ರದ ಬ್ರೇಕ್ ಎಷ್ಟೇ ಗಟ್ಟಿ ಇರಲಿ, ಕೊನೆಗೆ ನಿಲ್ಲಿಸುವುದು ಟೈರಿಗೂ ನೆಲಕ್ಕೂ ಇರುವ ಹಿಡಿತ. ಒಣ ಕಾಂಕ್ರೀಟಿನ ಮೇಲೆ ಸಿಗುವ ಹಿಡಿತದಲ್ಲಿ ಚೂರುಪಾರು ಮಾತ್ರ ಮಂಜುಗಡ್ಡೆಯ ಮೇಲೆ ಸಿಗುತ್ತದೆ. ಅದೂ ಸಾಲದು ಎಂಬಂತೆ, ನೆಲ ಮುಟ್ಟಿದ ಹೊಸದರಲ್ಲಿ ರೆಕ್ಕೆ ಇನ್ನೂ ವಿಮಾನವನ್ನು ಸ್ವಲ್ಪ ಎತ್ತಿ ಹಿಡಿದಿರುತ್ತದೆ, ಚಕ್ರದ ಮೇಲೆ ಪೂರ್ತಿ ಭಾರವೇ ಬಿದ್ದಿರುವುದಿಲ್ಲ. ಚೂಟ್‌ಗೆ ನೆಲದ ಹಂಗಿಲ್ಲ. ಅದು ಹಿಡಿಯುವುದು ಗಾಳಿಯನ್ನು. ಗಾಳಿಯ ಜಗ್ಗಾಟ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಗಂಟೆಗೆ 240 ಕಿ.ಮೀ. ಇದ್ದಾಗ ಸಿಗುವ ಬಲ 120ಕ್ಕೆ ಇಳಿದಾಗ ಕಾಲು ಭಾಗ, 60ಕ್ಕೆ ಹದಿನಾರನೇ ಒಂದು ಭಾಗ. ಅಂದರೆ ಬ್ರೇಕ್‌ಗೆ ಹಿಡಿತ ಸಾಲದ ಆರಂಭದ ಓಟದಲ್ಲೇ ಚೂಟ್ ಜೋರಾಗಿ ಕೆಲಸ ಮಾಡುತ್ತದೆ. ‘ಪ್ಯಾರಾಚೂಟ್ ವಿಮಾನವನ್ನು ನಿಲ್ಲಿಸಿತು’ ಅನ್ನುವುದು ಅದಕ್ಕೇ ತಪ್ಪು. ಚೂಟ್ ವೇಗ ಇಳಿಸುತ್ತದೆ, ನಿಲ್ಲಿಸುವುದು ಚಕ್ರ.

ಈ ಉಪಾಯ ಹುಟ್ಟಿ ಬೆಳೆದದ್ದೇ ಚಳಿ ದೇಶದಲ್ಲಿ. 1912ರಲ್ಲಿ ರಷ್ಯಾದ ಗ್ಲೆಬ್ ಕೊಟೆಲ್ನಿಕೊವ್ ಓಡುವ ಕಾರಿನ ಹಿಂದೆ ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸಿ ತೋರಿಸಿದ. 1937ರಲ್ಲಿ ಉತ್ತರ ಧ್ರುವಕ್ಕೆ ಹೋದ ಸೋವಿಯತ್ ವಿಮಾನಗಳು ತೇಲುವ ಮಂಜುಗಡ್ಡೆಯ ಹಾಸಿನ ಮೇಲೆ ಚೂಟ್ ಬಿಚ್ಚಿ ಇಳಿದವು. ಜರ್ಮನಿಯಲ್ಲಿ ಮಾಡೆಲುಂಗ್ ಮತ್ತು ಕ್ನಾಕೆ ಎಂಬ ಎಂಜಿನಿಯರ್‌ಗಳು ಪಟ್ಟಿ ಪಟ್ಟಿಯಾಗಿ ಹೆಣೆದ, ನಡುವೆ ಸಂದು ಬಿಟ್ಟ ಚೂಟ್ ಮಾಡಿದರು. ಸಂದಿನಿಂದ ಗಾಳಿ ನುಸುಳಿ ಹೋಗುವುದರಿಂದ ಅದು ಅತ್ತಿತ್ತ ತೂಗಾಡುವುದು ಕಡಿಮೆ, ಬಿಚ್ಚುವಾಗಿನ ಹೊಡೆತವೂ ಕಡಿಮೆ.

ನಾರ್ವೆಗೆ ಮೊದಲ ಎಫ್-35ಗಳು ಬಂದದ್ದು 2017ರಲ್ಲಿ. ಅಮೆರಿಕ ತನಗಾಗಿ ಇಟ್ಟುಕೊಂಡ ಎಫ್-35ಎಗಳಲ್ಲಿ ಚೂಟ್ ಇಲ್ಲ. ನಾರ್ವೆ ಕೇಳಿ ಹಾಕಿಸಿಕೊಂಡಿತು. ಎರಡು ಬಾಲಗಳ ನಡುವೆ, ಬೆನ್ನಿನ ಮೇಲೆ ಒಂದು ಗೂಡು. ಅಲ್ಲಿ ಮಂಜುಗಡ್ಡೆ ಒಂದೇ ಅಲ್ಲ, ರನ್‌ವೇ ಚಿಕ್ಕದು, ಗಾಳಿಯೂ ಜೋರು.

ಆ ಗಾಳಿಯ ಬಗ್ಗೆ ವಿಡಿಯೋ ಹಂಚುವವರು ಯಾರೂ ಮಾತಾಡುವುದಿಲ್ಲ. ಸ್ಕೂಟರ್ ಹಿಂದೆ ಕೂತು ಕೊಡೆ ಬಿಚ್ಚಿದವರಿಗೆ ಗೊತ್ತು, ಗಾಳಿ ಪಕ್ಕದಿಂದ ಬೀಸಿದರೆ ಕೊಡೆ ಗಾಡಿಯನ್ನೇ ಎಳೆಯುತ್ತದೆ. ಇಲ್ಲೂ ಅಷ್ಟೇ. ಅಡ್ಡಗಾಳಿ ಚೂಟನ್ನು ಒಂದು ಬದಿಗೆ ತಳ್ಳುತ್ತದೆ, ಚೂಟ್ ಬಾಲವನ್ನು ಎಳೆಯುತ್ತದೆ, ಮೂತಿ ಗಾಳಿ ಬರುವ ಕಡೆ ತಿರುಗುತ್ತದೆ. ಇದಕ್ಕೆ ವೆದರ್‌ಕಾಕಿಂಗ್ ಎನ್ನುತ್ತಾರೆ. ಒಣ ನೆಲದಲ್ಲಿ ಟೈರು ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಮಂಜುಗಡ್ಡೆಯಲ್ಲಿ ತಡೆಯುವವರಿಲ್ಲ. ಯಾವ ಜಾರಿಕೆಗೆ ಹೆದರಿ ಚೂಟ್ ಹಾಕಿಸಿಕೊಂಡರೋ ಅದೇ ಜಾರಿಕೆ ಚೂಟನ್ನೇ ಅಪಾಯ ಮಾಡಿಬಿಡುತ್ತದೆ. ಅದಕ್ಕೇ ಕಾಕ್‌ಪಿಟ್‌ನಲ್ಲಿ ಚೂಟ್ ಬಿಚ್ಚುವುದಕ್ಕೆ ಮಾತ್ರವಲ್ಲ, ಕಳಚಿ ಬಿಸಾಕುವುದಕ್ಕೂ ವ್ಯವಸ್ಥೆ ಇರುತ್ತದೆ. ವಿಮಾನ ಅಡ್ಡ ಹೋಗಲು ಶುರು ಮಾಡಿದರೆ ಪೈಲಟ್ ಚೂಟನ್ನು ಅಲ್ಲೇ ಕಳಚುತ್ತಾನೆ. ವಿಡಿಯೋದಲ್ಲಿ ಅದು ಕಾಣಿಸಿದರೆ ‘ಪ್ಯಾರಾಚೂಟ್ ಕಿತ್ತುಹೋಯಿತು’ ಅಂತ ಬರೆಯಬೇಡಿ, ದಯವಿಟ್ಟು.